ಬೇರೆ ಕೈ ಬಿದ್ದ ಕ್ಲಚ್ಚು

ಶೇಖರಣ್ಣನ ಬುಲೆಟ್ಟಿನ ಕ್ಲಚ್ಚನ್ನು ಇನ್ನೊಬ್ಬ ಬಿಚ್ಚಿದ್ದಾನೆ ಎಂಬ ಸುದ್ದಿ ನಿಝಾಮನ ಕಿವಿಗೆ ಬಿದ್ದದ್ದು ಮೀನು ಮಾರ್ಕೆಟಿನಲ್ಲಿ. ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದವನ ಹೆಗಲ ಮೇಲೆ ಕೈಯಿಟ್ಟು, ಪಿಕಪ್ ಓಡಿಸುವ ಡೊಂಬಯ್ಯ ಕೇಳಿದ.

"ಎಂತ ನಿಝಾಮಣ್ಣ, ನಿಮ್ಮ ಆ ಅಳದಂಗಡಿಯ ಬುಲೆಟ್ಟು ಈಗ ಮೂಡುಬಿದಿರೆಗೆ ಹೋಗ್ತದಾ?"

"ಯಾವ ಬುಲೆಟ್ಟು?"

"ಶೇಖರಣ್ಣಂದು ಮಾರಾಯ್ರೆ, ಹೋಟೆಲಿನವರದ್ದು. ಮೊನ್ನೆ ಹಂಚು ಇಳಿಸ್ಲಿಕ್ಕೆ ಹೋಗಿದ್ದೆ. ಆ ಲತೇಶನ ಗ್ಯಾರೇಜಿನಲ್ಲಿ ಹೊಟ್ಟೆ ಬಗೆದು ನಿಲ್ಲಿಸಿದ್ದ. ಕ್ಲಚ್ ಪ್ಲೇಟೆಲ್ಲ ಪೇಪರಿನ ಮೇಲೆ ಸಾಲಾಗಿ ಹರಡಿ ಇಟ್ಟಿದ್ದ."

"ಹೌದು, ಅದು ನಾನೇ ಕಳಿಸಿದ್ದು. ನನಗೆ ಪುರುಸೊತ್ತಿರಲಿಲ್ಲ" ಎಂದ ನಿಝಾಮ್.

ಸುಳ್ಳು ಬಾಯಿಗೆ ತಾನಾಗಿ ಬಂದಿತ್ತು. ಮೀನಿನವಳು ಹೇಳಿದ ರೇಟಿಗೆ ತುಟಿ ಬಿಚ್ಚದೆ ಒಪ್ಪಿ, ಅವಳು ಚೀಲಕ್ಕೆ ಹಾಕಿದ್ದನ್ನು ಹಾಕಿಸಿಕೊಂಡು ಅವನು ಮನೆಯ ದಾರಿ ಹಿಡಿದ. ಡೊಂಬಯ್ಯ ನಂಬಿದನೋ ಇಲ್ಲವೋ ಎಂದು ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಬಂಟ್ವಾಳ ಪೇಟೆಯಲ್ಲಿ, ನೇತ್ರಾವತಿಯ ಕಡೆಗೆ ಇಳಿಯುವ ಓಣಿಯ ಬಾಯಲ್ಲಿ ನಿಝಾಮನ ಗ್ಯಾರೇಜು. ದಿನವಿಡೀ ಬರುವುದು ಸ್ಕೂಟರುಗಳು, ಕಾಲೇಜು ಹುಡುಗರ ಬೈಕುಗಳು. ಅವುಗಳಿಗೆಲ್ಲ ಅವನು ಕೆಲಸ ಮಾಡುತ್ತಿದ್ದ, ಬಿಲ್ಲು ಕೊಡುತ್ತಿದ್ದ, ಮರೆಯುತ್ತಿದ್ದ. ಶೇಖರಣ್ಣನ ಬುಲೆಟ್ಟು ಹಾಗಲ್ಲ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುವ ಹಳೆಯ ಜಾತಿಯ ಗಾಡಿ ಅದು. ವಿಟ್ಲದ ಒಬ್ಬ ಅಡಿಕೆ ವ್ಯಾಪಾರಿಯ ಗೋದಾಮಿನಲ್ಲಿ ಗೋಣಿಗಳ ಹಿಂದೆ ಧೂಳು ತಿನ್ನುತ್ತಾ ಬಿದ್ದದ್ದನ್ನು ಪತ್ತೆ ಮಾಡಿದವನು ನಿಝಾಮನೇ. ಆಗ ಅವನಿಗೆ ಮೀಸೆ ಕಪ್ಪಗಿತ್ತು. ಅಳದಂಗಡಿಯಲ್ಲಿ ಹೋಟೆಲಿಟ್ಟಿದ್ದ ಶೇಖರಣ್ಣನನ್ನು ಕರೆದುಕೊಂಡು ಹೋಗಿ, "ತಗೊಳ್ಳಿ ಶೇಖರಣ್ಣ, ಇದನ್ನು ಓಡಿಸುವ ಜವಾಬ್ದಾರಿ ನನ್ನದು" ಎಂದು ಹೇಳಿ ಕೊಡಿಸಿದ್ದ. ಅಂದಿನಿಂದ ಆ ಗಾಡಿಯ ನಟ್ಟು ಬೋಲ್ಟು ಮುಟ್ಟಿದ ಕೈ ಇವನದೊಂದೇ.

ಬುಲೆಟ್ಟು ಸರ್ವೀಸಿಗೆ ಬಂದ ದಿನ ಗ್ಯಾರೇಜಿನಲ್ಲಿ ಬೇರೆ ಕೆಲಸ ನಡೆಯುತ್ತಿರಲಿಲ್ಲ. ಶೇಖರಣ್ಣ ಬೆಂಚಿನ ಮೇಲೆ ಕೂತು ಹೋಟೆಲಿನ ಅಡುಗೆಯವನ ತಕರಾರು, ಊರಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾವ ಹುಡುಗ ದುಬೈಯಿಂದ ಯಾಕೆ ಬೇಗ ಬಂದ ಎಲ್ಲ ಹೇಳುತ್ತಿದ್ದರು. ಮಧ್ಯಾಹ್ನ ಮನೆಯಲ್ಲಿ ಊಟ. ಇಡೀ ತಿಂಗಳಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ನಿಝಾಮ್ ಆ ಒಂದು ದಿನ ಆಡುತ್ತಿದ್ದ. ಅಂಥ ದಿನ ಬಾರದೆ ಈಗ ಬಹಳ ಸಮಯವಾಗಿತ್ತು. ಹೋಟೆಲಿನಲ್ಲಿ ಜನ ಹೆಚ್ಚಿರಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

ಜುವೈರಿಯಾ ಚೀಲ ಬಿಚ್ಚಿ ಮೀನು ಮೂಸಿ ನೋಡಿ ಗಂಡನ ಮುಖ ನೋಡಿದಳು.

"ಇದು ನೀವೇ ನೋಡಿ ತಂದದ್ದಾ?"

ಅವನು ವಿಷಯ ಹೇಳಿದ. ಹೇಳುವಾಗ ಧ್ವನಿ ಅವನಿಗೇ ಗೊತ್ತಾಗದೆ ಏರಿತ್ತು.

"ಅವರ ಗಾಡಿ. ಅವರಿಗೆ ಬೇಕಾದಲ್ಲಿ ಕೊಡ್ತಾರೆ" ಎಂದಳು ಅವಳು.

"ಒಂದು ಮಾತು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀವು ಬಿಡ್ತಿದ್ರಾ?" ಅವಳು ಕತ್ತಿಯನ್ನು ಮಣೆಗೆ ಒರಸಿದಳು. "ನೀವು ಒಳ್ಳೆ ಸವತಿ ಬಂದ ಹಾಗೆ ಮಾಡ್ತೀರಿ."

ನಿಝಾಮನಿಗೆ ನಗು ಬರಲಿಲ್ಲ.

ಊಟದ ನಂತರ ಗ್ಯಾರೇಜಿನಲ್ಲಿ ಒಬ್ಬನೇ ಕೂತು ಮೊಬೈಲಿನಲ್ಲಿ ಲತೇಶನನ್ನು ಹುಡುಕಿದ. ಹುಡುಕುವುದೇನೂ ಕಷ್ಟವಾಗಲಿಲ್ಲ. ಹಳೆಯ ಬೈಕುಗಳನ್ನು ಹೊಸದು ಮಾಡುವ ಹುಡುಗ ಎಂದು ಸಾವಿರಾರು ಮಂದಿ ಅವನನ್ನು ನೋಡುತ್ತಿದ್ದರು. ಬಿಳಿ ಟೈಲ್ಸಿನ ನೆಲ, ಗೋಡೆಯ ತುಂಬ ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು, ಕೈಗೆ ನೀಲಿ ಗ್ಲೌಸು. ಆ ಟೈಲ್ಸಿನ ಮೇಲೆ ಬುಲೆಟ್ಟು ನಿಂತಿತ್ತು. ನಿಝಾಮ್ ಕಣ್ಣಿಗೆ ಕನ್ನಡಕ ಏರಿಸಿದ.

"ಈ ಪ್ಲೇಟು ನೋಡಿ" ಎನ್ನುತ್ತಿದ್ದ ವೀಡಿಯೋದಲ್ಲಿ ಲತೇಶ. "ಬಿಸಿಗೆ ನೀಲಿ ಆಗಿದೆ. ಗ್ಲಾಸಿನ ಮೇಲೆ ಇಟ್ರೆ ಅಲ್ಲಾಡ್ತದೆ, ಅಂದ್ರೆ ಬಗ್ಗಿದೆ. ಮೂರೂ ಸ್ಪ್ರಿಂಗಿನ ಸ್ಕ್ರೂ ಕೊನೆಯ ತನಕ ಬಿಗಿದಿದ್ದಾರೆ. ಜಾರಿದ ಹಾಗೆಲ್ಲ ಬಿಗಿಯುದು, ಇದು ನಮ್ಮ ಕಡೆಯ ಹಳೇ ಅಭ್ಯಾಸ."

ಹೆಸರು ಹೇಳಿರಲಿಲ್ಲ. ಆದರೂ ನಿಝಾಮನಿಗೆ ಸಂತೆಯ ನಡುವೆ ಯಾರೋ ಬಟ್ಟೆ ಎಳೆದ ಹಾಗಾಯಿತು. ಕ್ಲಚ್ಚೆಂದರೆ ಅವನ ಲೆಕ್ಕದಲ್ಲಿ ಸರಳ ಸಂಗತಿ. ಒಂದರ ಮೇಲೊಂದು ತಟ್ಟೆಗಳು, ಅವನ್ನು ಒತ್ತಿ ಹಿಡಿಯಲು ಮೂರು ಸ್ಪ್ರಿಂಗು. ಕೈಯ ಲಿವರು ಎಳೆದರೆ ತಟ್ಟೆಗಳು ಬಿಟ್ಟುಕೊಳ್ಳಬೇಕು, ಬಿಟ್ಟರೆ ಕಚ್ಚಿಕೊಳ್ಳಬೇಕು. ತಟ್ಟೆ ಸವೆದರೆ ಇಂಜಿನ್ನು ಬೊಬ್ಬೆ ಹೊಡೆಯುತ್ತದೆ, ಗಾಡಿ ಏರು ಹತ್ತುವುದಿಲ್ಲ. ಆಗ ಸ್ಪ್ರಿಂಗು ಬಿಗಿಯಬೇಕು. ಪ್ರತಿ ಸಲ ಅವನು ಹಾಗೆ ಬಿಗಿದು, ಕೈ ಒರಸುತ್ತಾ, "ಇನ್ನು ಆನೆ ಕೂತ್ರೂ ಜಾರುದಿಲ್ಲ ಶೇಖರಣ್ಣ" ಎನ್ನುತ್ತಿದ್ದ. ಜಾರಿಯೂ ಇರಲಿಲ್ಲ.

ವೀಡಿಯೋದ ಕೊನೆಯಲ್ಲಿ ಶೇಖರಣ್ಣ ಬಂದರು. ಗಾಡಿಯ ಮೇಲೆ ಕೂತು ಕ್ಲಚ್ಚಿನ ಲಿವರನ್ನು ಎರಡೇ ಬೆರಳಿನಲ್ಲಿ ಎಳೆದು ಬಿಟ್ಟರು, ಮತ್ತೊಮ್ಮೆ ಎಳೆದರು. ಆಮೇಲೆ ಮಗುವಿನ ಹಾಗೆ ನಕ್ಕು, "ಬೆಣ್ಣೆ ಮಾರಾಯ, ಬೆಣ್ಣೆ" ಎಂದು ಲತೇಶನ ಬೆನ್ನು ತಟ್ಟಿದರು.

ಆ ನಗುವನ್ನು ನಿಝಾಮ್ ಮತ್ತೆ ಮತ್ತೆ ಹಿಂದಕ್ಕೆಳೆದು ನೋಡಿದ. ಇಷ್ಟು ವರ್ಷದಲ್ಲಿ ಶೇಖರಣ್ಣ ತನ್ನ ಗ್ಯಾರೇಜಿನಲ್ಲಿ ಹಾಗೆ ನಕ್ಕದ್ದು ಅವನಿಗೆ ನೆನಪಾಗಲಿಲ್ಲ. ಪಂಕ್ಚರು ಹಾಕಿಸಲು ಬಂದ ಒಬ್ಬನನ್ನು ಸಂಜೆ ಬಾ ಎಂದು ಗದರಿಸಿ ಕಳಿಸಿದ.

ಮುಂದಿನ ದಿನಗಳಲ್ಲಿ ಅದು ಅವನಿಗೆ ಒಂದು ಕಾಯಿಲೆಯ ಹಾಗೆ ಹಿಡಿಯಿತು. ಲತೇಶ ಹೊಸ ವೀಡಿಯೋ ಹಾಕಿದ್ದಾನೋ ನೋಡುವುದು, ಅದರ ಕೆಳಗೆ ಜನ ಬರೆದ ಹೊಗಳಿಕೆ ಓದುವುದು, ಎಲ್ಲಾದರೂ ಯಾರಾದರೂ ಬೈದಿದ್ದಾರೋ ಎಂದು ಹುಡುಕುವುದು. ಬೈದವರು ಸಿಕ್ಕರೆ ಆ ದಿನ ಅನ್ನ ರುಚಿಸುತ್ತಿತ್ತು. ಶೇಖರಣ್ಣನಿಗೆ ಫೋನು ಮಾಡಿ ಕೇಳೋಣವೆಂದು ನಂಬರು ಒತ್ತುವ ತನಕ ಹೋಗುತ್ತಿದ್ದ. ಕೇಳಿದರೆ ತಾನು ಸಣ್ಣವನಾಗುತ್ತೇನೆ ಎನಿಸಿ ಫೋನು ಕೆಳಗಿಡುತ್ತಿದ್ದ. ಅವರಾಗಿ ಮಾಡಲಿ, ತಪ್ಪಾಯಿತು ಎನ್ನಲಿ, ಆಗ ನೋಡುವ ಎಂದುಕೊಳ್ಳುತ್ತಿದ್ದ.

ಫೋನು ಬರಲಿಲ್ಲ. ಮೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಬುಲೆಟ್ಟೇ ಬಂತು.

ಹಿಂದೆ ಸ್ವರ್ಣಕ್ಕ ಕೂತಿದ್ದರು, ಮದುವೆಯ ಸೀರೆ, ತಲೆಯಲ್ಲಿ ಮಲ್ಲಿಗೆ. ಶೇಖರಣ್ಣನ ಹೆಂಡತಿ ಸ್ವರ್ಣಲತಾ ಊರಿಗೆಲ್ಲ ಸ್ವರ್ಣಕ್ಕ. ಗಾಡಿ ಗ್ಯಾರೇಜಿನ ಮುಂದೆ ನಿಂತಿತು. ಇಂಜಿನ್ನು ಓಡುತ್ತಿರುವಾಗಲೇ ಒಂದು ಸಣ್ಣ ತಟ್ಟಿಗೆ ನ್ಯೂಟ್ರಲ್ಲಿಗೆ ಬಿತ್ತು. ನಿಝಾಮನ ಕಾಲದಲ್ಲಿ ಹಾಗೆ ಬೀಳುತ್ತಿರಲಿಲ್ಲ, ಹುಡುಕಬೇಕಾಗಿತ್ತು. ನಿಝಾಮ್ ಅದನ್ನು ಗಮನಿಸಿದ, ಗಮನಿಸಿದ್ದಕ್ಕೆ ಮೈ ಉರಿಯಿತು.

"ನಿಝಾಮ್, ಮದುವೆ ಹಾಲಿನ ಹತ್ರ ಗಾಡಿ ಇಡ್ಲಿಕ್ಕೆ ಜಾಗವೇ ಇಲ್ಲ ಮಾರಾಯ, ಎಲ್ಲ ಕಾರುಗಳೇ" ಎಂದರು ಶೇಖರಣ್ಣ. "ಇವಳ ಚಿಕ್ಕಪ್ಪನ ಮೊಮ್ಮಗಳ ಮದುವೆ. ಇಲ್ಲಿ ನೆರಳಿನಲ್ಲಿ ಇರ್ಲಿ. ಊಟ ಮುಗಿಸಿ ಬರ್ತೇವೆ."

"ಇರ್ಲಿ."

"ನೀನೂ ಬಾ ಊಟಕ್ಕೆ."

"ಕೆಲಸ ಉಂಟು."

ಶೇಖರಣ್ಣ ಕೀಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು. ಏನೋ ಹೇಳಲು ಹೊರಟವರ ಹಾಗೆ ಗಾಡಿಯನ್ನು ನೋಡಿದರು, ನಿಝಾಮನನ್ನು ನೋಡಿದರು. "ಈ ಸಲ ಬಿಸಿಲು ಜೋರು" ಎಂದರು.

"ಹೌದು, ಜೋರು."

ಸ್ವರ್ಣಕ್ಕ ಜುವೈರಿಯಾಳನ್ನು ವಿಚಾರಿಸಿದರು, ಬರುವಾಗ ಮನೆಗೆ ಹೋಗಿ ಮಾತಾಡಿಸುತ್ತೇನೆ ಎಂದರು. ಇಬ್ಬರೂ ರಿಕ್ಷಾ ಹಿಡಿದು ಹೋದರು. ಕೀಯನ್ನು ಶೇಖರಣ್ಣ ಗಾಡಿಗೇ ಸಿಕ್ಕಿಸಿ ಹೋಗಿದ್ದರು.

ಹಾಗಾದರೆ ತನ್ನ ಗ್ಯಾರೇಜು ಗಾಡಿ ನಿಲ್ಲಿಸುವ ನೆರಳಾಯಿತು. ಕ್ಲಚ್ಚು ಬಿಚ್ಚಲು ಅವನು, ಕಾವಲಿಗೆ ತಾನು. ನಿಝಾಮ್ ಒಂದು ಸ್ಕೂಟರಿನ ಬ್ರೇಕು ನೋಡುತ್ತಾ ಸ್ವಲ್ಪ ಹೊತ್ತು ಕಳೆದ. ಕಣ್ಣು ಮಾತ್ರ ಬುಲೆಟ್ಟಿನ ಎಡಗಡೆಯ ಕವರಿನ ಮೇಲೇ ಇತ್ತು. ಅದಕ್ಕೆ ಲತೇಶ ಪಾಲಿಶು ಹೊಡೆದಿದ್ದ. ಅದರಲ್ಲಿ ನಿಝಾಮನ ಮುಖ ಅಡ್ಡಕ್ಕೆ ಹಿಗ್ಗಿ ಕಾಣುತ್ತಿತ್ತು.

ಒಂದು ಸಲ ನೋಡುವ ಎಂದುಕೊಂಡ. ನೋಡುವುದರಲ್ಲಿ ತಪ್ಪೇನು. ಈ ಗಾಡಿಯನ್ನು ಓಡಿಸುವ ಜವಾಬ್ದಾರಿ ನನ್ನದೆಂದು ಹೇಳಿದವನು ತಾನೇ.

ಫುಟ್‌ರೆಸ್ಟು ಬಿಚ್ಚಿದ. ಕವರಿನ ನಡುವಿನ ದೊಡ್ಡ ನಟ್ಟು ಸಡಿಲಿಸಿ, ಸೋರಿದ ಆಯಿಲನ್ನು ಶುದ್ಧ ಟ್ರೇಯಲ್ಲಿ ಹಿಡಿದ. ಕವರು ಕೈಗೆ ಬಂತು. ಒಳಗೆ ಎಲ್ಲವೂ ಬೇರೆಯವರ ಮನೆಯ ಅಡುಗೆಕೋಣೆಯ ಹಾಗೆ ಚೊಕ್ಕವಾಗಿತ್ತು. ಹೊಸ ಪ್ಲೇಟುಗಳು. ಹಳೆಯ ಪ್ಲೇಟಿನ ಹಲ್ಲುಗಳು ಡ್ರಮ್ಮಿನ ಸೀಳುಗಳಲ್ಲಿ ಕೊರೆದಿದ್ದ ತಗ್ಗುಗಳನ್ನು ಅರದಿಂದ ಉಜ್ಜಿ ನೇರ ಮಾಡಿದ್ದ. ಮೂರು ಸ್ಕ್ರೂಗಳನ್ನು ನೋಡಿದಾಗ ಮಾತ್ರ ನಿಝಾಮನ ಎದೆ ಹಗುರಾಯಿತು. ಅವು ಪೂರ್ತಿ ಬಿಗಿದಿರಲಿಲ್ಲ. ಸಿಕ್ಕಿಬಿದ್ದ, ಎಂದುಕೊಂಡ. ಅರ್ಧ ಬಿಗಿದು ಬಿಟ್ಟಿದ್ದಾನೆ, ವೀಡಿಯೋ ಮಾಡುವ ಗಡಿಬಿಡಿಯಲ್ಲಿ.

ಖಾತ್ರಿ ಮಾಡಿಕೊಳ್ಳಲು ಲಿವರು ಎಳೆದು ಕಟ್ಟಿ ಕಿಕ್ಕರನ್ನು ಕೈಯಲ್ಲಿ ಮೆಲ್ಲಗೆ ಒತ್ತಿದ. ಪ್ಲೇಟು ಸುತ್ತಿತು. ಎಲ್ಲ ಕಡೆಯೂ ಸಮನಾಗಿ ಹೊರಗೆ ಬಂದು, ಒಂದಿಷ್ಟೂ ಓಲಾಡದೆ, ಕುಂಬಾರನ ಚಕ್ರದ ಹಾಗೆ ಸುತ್ತಿತು. ನಿಝಾಮ್ ಮತ್ತೊಮ್ಮೆ ಒತ್ತಿದ. ಹಾಗೇ ಸುತ್ತಿತು. ಬಿಗಿದದ್ದು ಕಡಿಮೆಯಾಗಿರಲಿಲ್ಲ. ಎಷ್ಟು ಬೇಕೋ ಅಷ್ಟೇ ಇತ್ತು, ಮೂರು ಕಡೆಯೂ ಒಂದೇ ಅಳತೆ. ಇದನ್ನು ಮಾಡಿದವನು ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕಾಲು ಕಾಲು ಸುತ್ತು ತಿರುಗಿಸಿ ನೋಡಿ, ಮತ್ತೆ ತಿರುಗಿಸಿ ನೋಡಿ ಮಾಡಿರಬೇಕು. ತಾನು ಈ ಗಾಡಿಗೆ ಇಷ್ಟು ತಾಳ್ಮೆಯಿಂದ ಯಾವತ್ತೂ ಮಾಡಿರಲಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಗೊತ್ತಾದದ್ದೇ ಕಷ್ಟವಾಯಿತು. ಕೆಟ್ಟ ಕೆಲಸವಾಗಿದ್ದರೆ ಕ್ಷಮಿಸಿಬಿಡುತ್ತಿದ್ದ.

ಸ್ಕ್ರೂಡ್ರೈವರು ಕೈಯಲ್ಲೇ ಇತ್ತು. ಇಬ್ಬರು ಕೂತು ಏರು ಹತ್ತುವಾಗ ಇದು ಜಾರಿದರೆ, ಎಂದು ಅವನ ಮನಸ್ಸು ಒಂದು ನೆಪ ಹೇಳಿತು. ಮೂರರಲ್ಲಿ ಒಂದು ಸ್ಕ್ರೂವನ್ನು ಬಿಗಿದ. ನೆಪ ನಿಜವಾಗಿದ್ದರೆ ಮೂರನ್ನೂ ಬಿಗಿಯಬೇಕಿತ್ತು. ಒಂದನ್ನೇ ಬಿಗಿದರೆ ತಟ್ಟೆ ಸೊಟ್ಟಗೆ ಎದ್ದು ಪೂರ್ತಿ ಬಿಟ್ಟುಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನು ಒಂದನ್ನೇ ಬಿಗಿದು, ಎದ್ದು ಕವರು ಕೂರಿಸಿದ, ಆಯಿಲು ತಿರುಗಿ ಹೊಯ್ದ, ಪಾಲಿಶಿನ ಮೇಲೆ ಮೂಡಿದ್ದ ತನ್ನ ಬೆರಳ ಗುರುತುಗಳನ್ನು ಬಟ್ಟೆಯಿಂದ ಒರಸಿದ.

ಮಧ್ಯಾಹ್ನ ಅವರು ಬಂದರು. ಸ್ವರ್ಣಕ್ಕ, ಮನೆಗೆ ಹೋಗಲು ಹೊತ್ತಿಲ್ಲವೆಂದು, ಮದುವೆಮನೆಯ ಲಾಡಿನ ಪೊಟ್ಟಣವನ್ನು ಜುವೈರಿಯಾಗೆಂದು ಕೊಟ್ಟರು. ಗಾಡಿ ಹೊರಡುವಾಗ ಶೇಖರಣ್ಣ ಲಿವರು ಎಳೆದು ಒಂದು ಗಳಿಗೆ ಅದರ ಕಡೆ ನೋಡಿದರು. ಈಗ ಹೇಳಿದರೆ ಆಗುತ್ತದೆ ಎಂದು ನಿಝಾಮನಿಗೆ ಅನಿಸಿತು. ಅಷ್ಟರಲ್ಲಿ ಗಾಡಿ ಓಣಿ ದಾಟಿ ರಸ್ತೆಗೆ ಏರಿತ್ತು.

ಮರುದಿನ ಬೆಳಿಗ್ಗೆ ಫೋನು ಬಂತು, ಇಷ್ಟು ದಿನ ಅವನು ಕಾದಿದ್ದ ಫೋನು.

"ನಿಝಾಮ್, ಬಿದ್ದೆವು ಮಾರಾಯ" ಎಂದರು ಶೇಖರಣ್ಣ. "ಗುರುವಾಯನಕೆರೆಯಲ್ಲಿ. ಮುಂದೆ ಬಸ್ಸು ನಿಂತಿತ್ತು, ನಾನೂ ಕ್ಲಚ್ಚು ಹಿಡಿದು ನಿಂತಿದ್ದೆ. ಹಿಡಿದ ಹಾಗೇ ಗಾಡಿ ಎಳೆದುಕೊಂಡು ಹೋಯಿತು. ಬಸ್ಸಿಗೆ ಗುದ್ದುದು ಬೇಡ ಅಂತ ತಿರುಗಿಸಿದೆ, ಮಗುಚಿತು. ನನಗೆ ಎಂತ ಆಗ್ಲಿಲ್ಲ. ಸ್ವರ್ಣನ ಕಾಲು ಗಾಡಿಯ ಅಡಿಗೆ ಬಿತ್ತು. ಮೂಳೆಯಲ್ಲಿ ಸಣ್ಣ ಬಿರುಕು ಉಂಟಂತೆ, ಪ್ಲಾಸ್ಟರು ಹಾಕಿದ್ದಾರೆ."

ನಿಝಾಮ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಆ ಲತೇಶನ ಕೆಲಸ ನೋಡು" ಎಂದು ಶೇಖರಣ್ಣ ಮುಂದುವರಿಸಿದರು. "ಹೊರಡುವಾಗಲೇ ಗಟ್ಟಿ ಅನ್ನಿಸಿತ್ತು. ಬಿಸಿಯಾದ ಮೇಲೆ ನ್ಯೂಟ್ರಲ್ಲೇ ಸಿಗ್ಲಿಲ್ಲ. ನಿನ್ನ ಕೈ ಬಿಟ್ಟು ಹೋದದ್ದೇ ತಪ್ಪಾಯಿತು."

ಈ ಮಾತನ್ನು ಎಷ್ಟು ಸಲ ಅವನು ಮನಸ್ಸಿನಲ್ಲಿ ಅವರ ಬಾಯಿಂದ ಹೇಳಿಸಿದ್ದ. ಈಗ ಅದನ್ನು ಕೇಳಿದಾಗ ಒಂದು ಕ್ಷಣ, ಒಂದೇ ಕ್ಷಣ, ಸ್ವರ್ಣಕ್ಕನ ಕಾಲು ಮರೆತು ಸಂತೋಷವಾಯಿತು. ಆ ಸಂತೋಷ ಹೋದ ಮೇಲೆ ಅವನು ಗ್ಯಾರೇಜಿನ ಬಾಗಿಲು ಎಳೆದು ಮನೆಗೆ ನಡೆದ.

ಜುವೈರಿಯಾ ಕಟ್ಟಿಕೊಟ್ಟ, ಎಣ್ಣೆಯಲ್ಲಿ ಕರಿದ ಅಕ್ಕಿಯ ನೈಪತ್ತಿರಿಗಳ ಡಬ್ಬಿ ಹಿಡಿದು ಅವನು ಅಳದಂಗಡಿಗೆ ಹೋದ. ಹೋಟೆಲಿನ ಹಿಂದೆಯೇ ಮನೆ. ಶೇಖರಣ್ಣ ಗಿರಾಕಿಗಳ ನಡುವೆ ಇದ್ದರು, ಒಳಗೆ ಹೋಗು ಎಂದು ಸನ್ನೆ ಮಾಡಿದರು. ಸ್ವರ್ಣಕ್ಕ ಹಿಂದಿನ ಜಗಲಿಯಲ್ಲಿ ಕಾಲು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಬುಲೆಟ್ಟು ಅಂಗಳದಲ್ಲಿತ್ತು, ಹ್ಯಾಂಡಲು ಸ್ವಲ್ಪ ಸೊಟ್ಟಗೆ.

ನೋವು ಹೇಗಿದೆ ಎಂದು ಕೇಳಿದ. ಪರವಾಗಿಲ್ಲ ಎಂದರು. ಇನ್ನೇನು ಮಾತಾಡುವುದೆಂದು ತಿಳಿಯದೆ, "ಗಾಡಿ ನನ್ನತ್ರವೇ ಇದ್ದಿದ್ರೆ" ಎಂದು ಶುರುಮಾಡಿದ. ಆ ಮಾತು ಬಾಯಿಂದ ಹೇಗೆ ಬಂತೆಂದು ಅವನಿಗೇ ನಾಚಿಕೆಯಾಯಿತು.

"ನಿಮ್ಮತ್ರ ಇದ್ದಿದ್ರೆ ಇವರು ಗಾಡಿ ಬಿಟ್ಟೇ ಬಿಡ್ಬೇಕಿತ್ತು ನಿಝಾಮ್" ಎಂದರು ಸ್ವರ್ಣಕ್ಕ. ಬೇಸರದಿಂದಲ್ಲ, ಸುಮ್ಮನೆ ಇದ್ದದ್ದನ್ನು ಹೇಳುವ ಹಾಗೆ. "ಇವರು ನಿಮಗೆ ಹೇಳಿರ್ಲಿಕ್ಕಿಲ್ಲ. ಬಂಟ್ವಾಳಕ್ಕೆ ಹೋಗಿ ಬಂದ ದಿನ ಎಡಗೈಯಲ್ಲಿ ಒಂದು ಚೆಂಬು ನೀರು ಎತ್ಲಿಕ್ಕೆ ಆಗ್ತಿರಲಿಲ್ಲ. ಹೆಬ್ಬೆರಳಿನ ಬುಡ ಊದಿ ಇಷ್ಟು ದಪ್ಪ ಆಗ್ತಿತ್ತು. ನಾನೇ ಎಣ್ಣೆ ತಿಕ್ಕಿ ಬಟ್ಟೆ ಕಟ್ಟುದು. ಸಂಧಿವಾತ ಶುರುವಾಗಿದೆ, ಆ ಗಾಡಿ ಮಾರಿ ಅಂತ ಡಾಕ್ಟ್ರು ಹೇಳಿದ್ರು."

"ನನ್ನತ್ರ ಒಂದು ಮಾತು ಹೇಳ್ಲಿಲ್ಲ."

"ಹೇಗೆ ಹೇಳುದು? ಬಿಗಿ ಮಾಡಿ ಕೊಟ್ಟು, ಇನ್ನು ಆನೆ ಕೂತ್ರೂ ಜಾರುದಿಲ್ಲ ಅಂತ ನೀವು ಹೇಳುವಾಗ ನಿಮ್ಮ ಮುಖ ನೋಡಿ ಇವರಿಗೆ ಬಾಯಿ ಬರ್ತಿರಲಿಲ್ಲವಂತೆ. ನಿಝಾಮನಿಗೆ ಬೇಜಾರಾಗ್ತದೆ ಅಂತ. ಕೊನೆಗೆ ನಾನೇ ಹೇಳಿದ್ದು, ಮೂಡುಬಿದಿರೆಯಲ್ಲಿ ಯಾರೋ ಇದ್ದಾನಂತೆ, ತೋರಿಸಿ ಅಂತ."

ನಿಝಾಮ್ ತನ್ನ ಕೈ ನೋಡಿಕೊಂಡ. ಅವನ ಅಂಗೈಗೆ ಆ ಲಿವರು ಯಾವತ್ತೂ ಭಾರ ಅನಿಸಿರಲಿಲ್ಲ. ಅದರಿಂದಾಗಿ ಬೇರೆಯವರಿಗೂ ಅನಿಸಲಿಕ್ಕಿಲ್ಲ ಎಂದು ತಿಳಿದಿದ್ದ. ಇಷ್ಟು ವರ್ಷ ಬೆಂಚಿನ ಮೇಲೆ ಕೂತು ಊರಿನ ಸುದ್ದಿಯೆಲ್ಲ ಹೇಳಿದ ಮನುಷ್ಯ ಈ ಒಂದು ಸುದ್ದಿಯನ್ನು ಹೇಳಿರಲಿಲ್ಲ.

ಅಂಗಳಕ್ಕೆ ಒಂದು ಸ್ಕೂಟರು ಬಂತು. ಇಳಿದವನನ್ನು ನೋಡಿದಾಗ ನಿಝಾಮನಿಗೆ ಮೊದಲು ಗುರುತೇ ಸಿಗಲಿಲ್ಲ. ಗ್ಲೌಸಿರಲಿಲ್ಲ, ಉಗುರಿನ ಸಂದಿಯಲ್ಲಿ ಗ್ರೀಸಿತ್ತು, ಮುಖದಲ್ಲಿ ನಿದ್ದೆಗೆಟ್ಟ ಕಳೆ ಇತ್ತು. ಲತೇಶ ಸ್ವರ್ಣಕ್ಕನ ಎದುರು ಕೈಕಟ್ಟಿ ನಿಂತು, "ಅಕ್ಕ, ನಾನು ಹೀಗಾಗ್ತದೆ ಅಂತ" ಎಂದವನು ಮುಂದೆ ಹೇಳಲಾರದೆ ನಿಲ್ಲಿಸಿದ. ಹೋಟೆಲಿನಿಂದ ಶೇಖರಣ್ಣನೂ ಬಂದರು. ಅವರು ಬೈಯಲಿಲ್ಲ, ಮುಖ ಗಂಟು ಹಾಕಿಕೊಂಡು ನಿಂತರು. ಲತೇಶ ಗಾಡಿಯ ಪಕ್ಕ ಗೋಣಿ ಹಾಸಿ ಕೂತು ಕವರು ಬಿಚ್ಚತೊಡಗಿದ.

"ಮದುವೆಗೆ ಹೋಗುವಾಗ ಸರಿ ಇತ್ತಾ?" ಎಂದು ಕೇಳಿದ.

"ಸರಿ ಇತ್ತು."

"ನಡುವೆ ಗಾಡಿ ಎಲ್ಲಿತ್ತು?"

"ಇವನ ಗ್ಯಾರೇಜಿನಲ್ಲಿ. ಅಲ್ಲಿ ಇಟ್ರೆ ಮನೆಯಲ್ಲಿ ಇಟ್ಟ ಹಾಗೆ" ಎಂದರು ಶೇಖರಣ್ಣ.

ಲತೇಶ ತಲೆ ಎತ್ತಿ ನಿಝಾಮನನ್ನು ನೋಡಿದ. ಆಮೇಲೆ ಬಗ್ಗಿ ಕವರು ಎಳೆದ.

ಮೂರು ಸ್ಕ್ರೂಗಳ ಮೇಲೆ ಅವನ ಕಣ್ಣು ಹೋಯಿತು. ಲಿವರು ಕಟ್ಟಿ ಕಿಕ್ಕರು ಒತ್ತಿದ. ಪ್ಲೇಟು ಸೊಟ್ಟಗೆ ಎದ್ದು, ಕುಂಟುವ ಮನುಷ್ಯನ ಹಾಗೆ ಸುತ್ತಿತು. ಅಲುಗಾಟಕ್ಕೆ ಸ್ಕ್ರೂ ಸಡಿಲವಾದೀತು, ಬಿಗಿಯಾಗುವುದಿಲ್ಲ. ಇದು ಲತೇಶನಿಗೆ ಗೊತ್ತು, ನಿಝಾಮನಿಗೆ ಗೊತ್ತು. ಲತೇಶನಿಗೆ ಗೊತ್ತಾಗಿದೆ ಎಂಬುದೂ ನಿಝಾಮನಿಗೆ ಗೊತ್ತು.

"ಒಂದು ಸ್ಕ್ರೂ ಸರಿದಿದೆ ಶೇಖರಣ್ಣ" ಎಂದ ಲತೇಶ, ತಲೆ ಎತ್ತದೆ. "ಓಡಿಸಿದ ಮೇಲೆ ನಾನು ಮತ್ತೊಮ್ಮೆ ಕರೆಸಿ ನೋಡ್ಬೇಕಿತ್ತು. ನಂದೇ ತಪ್ಪು."

ನಿಝಾಮನಿಗೆ ಬಚಾವಾದೆ ಎನಿಸಬೇಕಿತ್ತು. ಅನಿಸಲಿಲ್ಲ. ಒಳ್ಳೆಯ ಕೆಲಸ ಇವನದು, ಹಗುರದ ಕ್ಲಚ್ಚು ಇವನದು, ಶೇಖರಣ್ಣನ ಆ ನಗು ಇವನದು. ಈಗ ದೊಡ್ಡ ಮನಸ್ಸೂ ಇವನದೇ. ತಾನು ಮಾಡಿದ ತಪ್ಪೊಂದು ತನ್ನದಾಗಿ ಉಳಿದಿತ್ತು, ಅದನ್ನೂ ಎತ್ತಿಕೊಂಡು ಹೊರಟಿದ್ದಾನೆ.

"ಅದು ತಾನಾಗಿ ಸರಿದದ್ದಲ್ಲ" ಎಂದ ನಿಝಾಮ್. "ನಾನು ಬಿಗಿದದ್ದು. ಮದುವೆಯ ದಿನ, ನೀವು ಊಟಕ್ಕೆ ಹೋಗಿದ್ದಾಗ."

ಹೋಟೆಲಿನ ಒಳಗಿನಿಂದ ಗ್ಲಾಸು ತೊಳೆಯುವ ಸದ್ದು ಬರುತ್ತಿತ್ತು.

"ಎಂತಕ್ಕೆ?" ಎಂದರು ಶೇಖರಣ್ಣ ಕೊನೆಗೆ.

"ಇವ ಬಿಚ್ಚಿದನಲ್ಲ, ಅದಕ್ಕೆ."

ಶೇಖರಣ್ಣ ಅವನನ್ನು ಸ್ವಲ್ಪ ಹೊತ್ತು ನೋಡಿದರು. ಪರಿಚಯವಿದ್ದ ಮುಖದಲ್ಲಿ ಪರಿಚಯವಿಲ್ಲದ ಯಾರನ್ನೋ ಕಂಡ ಹಾಗೆ. ಆಮೇಲೆ ತಿರುಗಿ ಹೋಟೆಲಿನ ಒಳಗೆ ಹೋದರು. ಜಗಲಿಯಿಂದ ಸ್ವರ್ಣಕ್ಕ ಕೇಳಿದರು.

"ನನ್ನ ಕಾಲು ನಿಮಗೆ ಎಂತ ಮಾಡಿತ್ತು ನಿಝಾಮ್?"

ನಿಝಾಮ್ ಡಬ್ಬಿಯನ್ನು ಅವರ ಪಕ್ಕದಲ್ಲಿಟ್ಟು ಹೊರಡಲು ತಿರುಗಿದ. ಆಗ ಲತೇಶ, ತಾನು ಕೂತಲ್ಲಿಂದಲೇ, "ನಿಝಾಮಣ್ಣ, ಆ ಲಿವರು ಒಮ್ಮೆ ಹಿಡೀರಿ. ಒಬ್ಬನಿಗೆ ಆಗುದಿಲ್ಲ" ಎಂದ.

ಒಬ್ಬನಿಗೆ ಆಗುತ್ತದೆ ಎಂದು ನಿಝಾಮನಿಗೆ ಗೊತ್ತಿತ್ತು. ಆದರೂ ಹೋಗಿ ಹಿಡಿದ. ಲತೇಶ, ನಿಝಾಮ್ ಬಿಗಿದಿದ್ದ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದ, ಕಿಕ್ಕರು ಒತ್ತಿ ನೋಡಿದ, ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದ. "ಬಿಡಿ", "ಎಳೀರಿ" ಎಂಬೆರಡು ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಕೊನೆಗೆ ಬಲಗಡೆಗೆ ಬಂದು, ಗೇರ್‌ಬಾಕ್ಸಿನ ಮೇಲೆ ಕೇಬಲು ಬಂದು ಸೇರುವ ಸಣ್ಣ ಕೈಯನ್ನು ತೋರಿಸಿದ. ಲಿವರು ಎಳೆದಾಗ ಆ ಕೈ ಕೇಬಲಿಗೆ ನೆಟ್ಟಗೆ ಅಡ್ಡವಾಗಿ ನಿಲ್ಲುವಂತೆ ಒಳಗಿನ ರಾಡನ್ನು ಹೊಂದಿಸಿದ್ದ.

"ಭಾರ ಅರ್ಧ ಕಡಿಮೆ ಆಗುದು ಇಲ್ಲಿ" ಎಂದ. "ಸ್ಪ್ರಿಂಗಿನಲ್ಲಿ ಅಲ್ಲ."

ನಿಝಾಮ್ ಲಿವರನ್ನು ಎರಡು ಬೆರಳಿನಲ್ಲಿ ಎಳೆದ. ಬೆಣ್ಣೆ ಎಂದು ಶೇಖರಣ್ಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಕಿಡಿಯ ಟೈಮಿಂಗ್ ಮಾತ್ರ ನಾನು ಮುಟ್ಲಿಲ್ಲ" ಎಂದ ಲತೇಶ ಸ್ಪ್ಯಾನರು ಒರಸುತ್ತಾ. "ನೀವು ಇಟ್ಟ ಹಾಗೆ ಇಡ್ಲಿಕ್ಕೆ ನನಗೆ ಬರುದಿಲ್ಲ."

ಇದು ಹೊಗಳಿಕೆಯೋ ಸಮಾಧಾನವೋ ನಿಝಾಮನಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದೂ ಆ ಹುಡುಗನಿಂದ ಅವನಿಗೆ ಬೇಕಾಗಿರಲಿಲ್ಲ. ತಲೆಯಾಡಿಸಿ, ರಸ್ತೆಗೆ ಬಂದು ಬೆಳ್ತಂಗಡಿಯ ಬಸ್ಸು ಹತ್ತಿದ.

ಮಳೆಗಾಲವಿಡೀ ಶೇಖರಣ್ಣನಿಂದ ಫೋನಿಲ್ಲ. ನಿಝಾಮ್ ಮಾಡಿದ ಫೋನಿಗೆ ಉತ್ತರವಿಲ್ಲ. ಜುವೈರಿಯಾ ಮಾತ್ರ ಸ್ವರ್ಣಕ್ಕನ ಜೊತೆ ಮಾತಾಡುತ್ತಿದ್ದಳು. ಪ್ಲಾಸ್ಟರು ತೆಗೆದರು, ಕೋಲು ಹಿಡಿದು ನಡೆಯುತ್ತಾರೆ, ಕೋಲು ಬಿಟ್ಟರು ಎಂದು ಊಟ ಬಡಿಸುವಾಗ ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದಳು. ಗಂಡನಿಗೆ ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಸಂಜೆ ಬಿ.ಸಿ. ರೋಡಿನಲ್ಲಿ ಬುಲೆಟ್ಟು ಹಾದುಹೋಯಿತು. ಶೇಖರಣ್ಣ ಓಡಿಸುತ್ತಿದ್ದರು, ಹಿಂದೆ ಲತೇಶ ಕೂತು ಅವರ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದ. ನಿಝಾಮ್ ಅಂಗಡಿಯೊಂದರ ಒಳಗೆ ಸರಿದು, ಬೇಡದ ಒಂದು ಟಾರ್ಚು ಕೊಂಡುಕೊಂಡು ಬಂದ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಓಣಿಯಲ್ಲಿ ಇಂಜಿನ್ನು ಕೆಮ್ಮುವ ಸದ್ದಾಯಿತು. ಬುಲೆಟ್ಟು ಪಟ್ ಪಟ್ ಎಂದು ಹೊಗೆ ಉಗುಳುತ್ತಾ ಬಂದು ಗ್ಯಾರೇಜಿನ ಮುಂದೆ ನಿಂತುಬಿಟ್ಟಿತು. ಶೇಖರಣ್ಣ ಇಳಿದರು. ಕೂರಲಿಲ್ಲ.

"ಪಾಯಿಂಟು ಸುಟ್ಟಿರ್ಬೇಕು" ಎಂದರು ಗಾಡಿಯನ್ನು ನೋಡುತ್ತಾ. "ಲತೇಶನಿಗೆ ತೋರಿಸಿದೆ. ಇದು ನಿಝಾಮಣ್ಣನ ಹತ್ರವೇ ಹೋಗ್ಲಿ ಅಂದ."

ಹಾಗಾದರೆ ಅವನು ಕಳಿಸಿದ್ದಕ್ಕೆ ಬಂದದ್ದು. ನಿಝಾಮನಿಗೆ ಚುಚ್ಚಿತು. ಆಗುವುದಿಲ್ಲ ಎಂದು ಹೇಳಿಬಿಡುವ ಎನಿಸಿತು. ಹೇಳದೆ ಸ್ಕ್ರೂಡ್ರೈವರು ತಂದ.

"ಸ್ವರ್ಣಕ್ಕ ಹೇಗಿದ್ದಾರೆ?"

"ನಡೀತಾಳೆ. ನಿನ್ನ ಹೆಸರು ಹೇಳಿದ್ರೆ ಮಾತ್ರ ಇನ್ನೂ ಕುಂಟ್ತಾಳೆ."

ಶೇಖರಣ್ಣ ನಗಲಿಲ್ಲ. ಆದರೆ ಕಣ್ಣಿನ ಬದಿಯಲ್ಲಿ ಏನೋ ಸಡಿಲವಾಗಿತ್ತು. ನಿಝಾಮ್ ಪಾಯಿಂಟಿನ ಮುಚ್ಚಳ ಬಿಚ್ಚಿದ, ಕಿಡಿ ಕೊಡುವ ಕಪ್ಪಾದ ತುದಿಗಳನ್ನು ಉಜ್ಜಿದ, ತೆರಪು ನೋಡಿ ಕೂರಿಸಿದ. ಕೈ ಒರಸುತ್ತಾ ನಿಝಾಮನೇ ಕೇಳಿದ.

"ಕ್ಲಚ್ಚು?"

"ಅದು ಅವ ನೋಡ್ತಾನೆ" ಎಂದರು ಶೇಖರಣ್ಣ, ಈ ಸಲ ಅವನ ಮುಖ ನೋಡಿಯೇ. "ಪಾಯಿಂಟು, ಟೈಮಿಂಗು ನೀನು ನೋಡು. ಒಪ್ಪಿಗೆಯಾ?"

ಒಪ್ಪಿಗೆಯಿರಲಿಲ್ಲ. ಆದರೂ ಹೂಂ ಎಂದ. ಎಂದವನು ಗಾಡಿಯ ಸುತ್ತ ಒಂದು ಸುತ್ತು ಬಂದು ಮತ್ತೆ ಕೇಳಿದ.

"ಕಾರ್ಬುರೇಟರು?"

ಶೇಖರಣ್ಣ ಯೋಚಿಸಿದರು. "ಅದನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ."

"ಹಾಗಾದ್ರೆ ಅದನ್ನು ಇವತ್ತೇ ಬಿಚ್ಚುವ" ಎಂದ ನಿಝಾಮ್. ಅವರು ಬೇಡ ಎನ್ನುವ ಮೊದಲೇ ಬಗ್ಗಿ ಟ್ಯಾಂಕಿನ ಅಡಿಯ ಪೆಟ್ರೋಲಿನ ಕಾಕ್ ಮುಚ್ಚಿದ.